ಉರಿಯುವ ಪಾದಕ್ಕೆ ಮಾತ್ರೆ ನುಂಗುವ ಮುಂಚೆ

(ಮುಂಬೈ ಬಳಿಯ ದಿವಾದಲ್ಲಿರುವ ಸೋದರಳಿಯನಿಗೆ ಡೊಂಬಿವಲಿಯ ಮಾವನ ಕಿವಿಮಾತು)

ಊರಿಗೆ ಹೋಗಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಮುಗಿಸಿ ಬಂದೆ, ಒಳ್ಳೆಯದಾಯಿತು ಅಳಿಯಾ. ಈಗ ರಾತ್ರಿಯಾದರೆ ಪಾದ ಉರಿಯುತ್ತದೆ, ಇರುವೆ ಹರಿದಂತಾಗುತ್ತದೆ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಹೋಟೆಲಿನಲ್ಲಿ ಹಗಲಿಡೀ ನಿಂತದ್ದಕ್ಕೇ ಹೀಗಾಯಿತು ಅಂದುಕೊಳ್ಳಬೇಡ. ಮದ್ಯ ನರವನ್ನು ತಾನೇ ಸುಡುತ್ತದೆ, ಜೊತೆಗೆ ಬಿ1 ಜೀವಸತ್ವ ಮೈಗೆ ಹಿಡಿಯದಂತೆಯೂ ಮಾಡುತ್ತದೆ. ಉದ್ದದ ನರಕ್ಕೆ ಮೊದಲ ಪೆಟ್ಟು, ಅದಕ್ಕೇ ಕಾಲ್ಬೆರಳಿನಿಂದ ಶುರು. ಶಿಬಿರ ಎಂಟು ದಿನದ್ದು. ನರ ಚೇತರಿಸಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಪೂರ್ತಿ ಹೋಗುವುದೂ ಇಲ್ಲ.

• ಡಾಕ್ಟರ ಎದುರು ಕೂತಾಗ ಮೊದಲ ಮಾತು ಕುಡಿತದ್ದೇ ಇರಲಿ. ಎಷ್ಟು ಕುಡಿಯುತ್ತಿದ್ದೆ, ಎಷ್ಟು ವರ್ಷ, ಕೊನೆಯ ಸಲ ಯಾವತ್ತು. ನಾಚಿಕೆಯಿಂದ ಅದನ್ನು ಮುಚ್ಚಿಟ್ಟರೆ ಚೀಟಿಯೇ ತಪ್ಪಾಗುತ್ತದೆ. ಡುಲೊಕ್ಸೆಟಿನ್ ನರದ ನೋವಿಗೆ ಒಳ್ಳೆಯ ಮಾತ್ರೆ, ಆದರೆ ಲಿವರ್ ಕೆಟ್ಟವರಿಗೂ ತುಂಬ ಕುಡಿಯುವವರಿಗೂ ಅದು ಸಲ್ಲದು. ನೀನು ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು?

• ಎಲ್ಲವನ್ನೂ ಕುಡಿತದ ತಲೆಗೆ ಕಟ್ಟಲೂ ಬೇಡ. ಸಕ್ಕರೆ, ಬಿ12, ಥೈರಾಯ್ಡ್, ಲಿವರ್, ಕಿಡ್ನಿ ಪರೀಕ್ಷೆ ಮಾಡಿಸು. ಮೈಮೇಲೆ ಮುಟ್ಟಿದರೆ ತಿಳಿಯದ ಮಚ್ಚೆಯಿದ್ದರೆ ತೋರಿಸು. ಕುಷ್ಠವೂ ನರವನ್ನೇ ಹಿಡಿಯುವ ರೋಗ, ಅದರ ಔಷಧ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ದಿವಾದಿಂದ ಎರಡನೇ ಸ್ಟೇಷನ್ ಕಲ್ವಾ, ಅಲ್ಲಿ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಿದೆ. ಸಾಲು ಉದ್ದ, ಬೆಳಿಗ್ಗೆಯೇ ಹೋಗು.

• ಪ್ರೆಗಾಬಾಲಿನ್, ಗಾಬಾಪೆಂಟಿನ್ ಕೊಟ್ಟರೆ ಹೆದರಬೇಡ, ಸಲಿಗೆಯೂ ಬೇಡ. ಉರಿ ತಗ್ಗಿಸುತ್ತವೆ, ಆದರೆ ತೂಕಡಿಕೆ, ತಲೆ ತೇಲಿದಂತಾಗುವುದು ಇದ್ದೇ ಇದೆ. ಆ ತೇಲಾಟ ಹಿತವೆನಿಸಿ ಒಂದರ ಬದಲು ಎರಡು ನುಂಗಲು ಮನಸ್ಸು ಎಳೆದರೆ, ಅದೇ ದಿನ ಡಾಕ್ಟರಿಗೆ ಹೇಳು. ಬಾಟಲಿ ಬಿಟ್ಟವನಿಗೆ ಸ್ಟ್ರಿಪ್ ಅಂಟಿಕೊಳ್ಳುವುದು ಸುಲಭ. ವಾರದ ಮಾತ್ರೆಯಷ್ಟೇ ತಂದು ನಿನ್ನಮ್ಮನ ಕೈಗೆ ಕೊಡು. ನೋವು ಕಮ್ಮಿಯಾಯಿತೆಂದು ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ. ಅವರು ಹೇಳಿದಂತೆ ಇಳಿಸುತ್ತ ಬರಬೇಕು.

• ಆ ಮಾತ್ರೆ ಶುರುವಾದ ದಿನಗಳಲ್ಲಿ ಲೋಕಲ್ ರೈಲಿನ ಬಾಗಿಲಲ್ಲಿ ನಿಲ್ಲಲೇಬೇಡ. ಮರಗಟ್ಟಿದ ಪಾದಕ್ಕೆ ಫುಟ್‌ಬೋರ್ಡ್ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. 2025ರ ಜೂನ್ 9ರಂದು ದಿವಾ–ಮುಂಬ್ರಾ ನಡುವೆ ಬಾಗಿಲಲ್ಲಿ ಜೋತಿದ್ದವರು ಬಿದ್ದು ಸತ್ತರಲ್ಲ, ಅವರ ಕಾಲು ನೆಟ್ಟಗೇ ಇದ್ದಿರಬಹುದು ಮಾರಾಯ. ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹತ್ತು.

• ಟ್ರಮಡಾಲ್ ಯಾರಾದರೂ ಕೊಡಿಸಿದರೆ ಬೇಡವೆನ್ನು. ಅದು ಅಫೀಮಿನ ಬಳಗದ್ದು, ಫಿಟ್ಸ್ ತರಿಸಬಲ್ಲದು, 2018ರಿಂದ ಮಾದಕವಸ್ತು ಕಾಯ್ದೆಯ ಕೆಳಗಿದೆ. ಕುಡಿತ ಬಿಡಿಸಲು ನಾಲ್ಟ್ರೆಕ್ಸೋನ್ ಕೊಟ್ಟಿದ್ದರಂತೂ ಟ್ರಮಡಾಲ್ ಕೆಲಸವನ್ನೇ ಮಾಡದು.

• ಪ್ಯಾರಾಸಿಟಮಾಲ್ ನರದ ಉರಿಗೆ ಅಷ್ಟು ಉಪಯೋಗವಿಲ್ಲ. ಜ್ವರಕ್ಕೆ ಬೇಕಾದರೂ ದಣಿದ ಲಿವರಿಗೆ ದಿನಕ್ಕೆ 2 ಗ್ರಾಂ ಮೇಲ್ಮಿತಿ, ಅಂದರೆ 650ರ ಮೂರೇ ಮಾತ್ರೆ. ಶೀತದ ಮಾತ್ರೆಯಲ್ಲೂ ಅದೇ ಇರುತ್ತದೆ, ಸೇರಿಸಿ ಲೆಕ್ಕ ಹಾಕು. ಡೈಕ್ಲೋಫೆನಾಕ್ ಹೊಟ್ಟೆಯಲ್ಲಿ ರಕ್ತ ಒಸರಿಸುತ್ತದೆ.

• ಬಿ1 ಮಾತ್ರೆ ತಪ್ಪಿಸಬೇಡ. ಹಾಗೆಂದು ಸಿಕ್ಕಸಿಕ್ಕ ‘ಶಕ್ತಿ’ ಮಾತ್ರೆ ಬೇಡ. ಬಿ6 ತಿಂಗಳುಗಟ್ಟಲೆ ಅತಿಯಾದರೆ ಅದೇ ನರ ಕೆಡಿಸುತ್ತದೆ. ಊಟಕ್ಕೆ ಪಾಲಿಶ್ ಅಕ್ಕಿಗಿಂತ ನಮ್ಮ ಕುಚ್ಚಲಕ್ಕಿ ಗಂಜಿ ವಾಸಿ: ಭತ್ತವನ್ನು ಬೇಯಿಸುವಾಗಲೇ ಬಿ1 ಕಾಳಿನೊಳಗೆ ಇಳಿಯುತ್ತದೆ. ಜೊತೆಗೆ ಹುರುಳಿ ಸಾರು ಮಾಡಿಸಿಕೊ.

• ಕುಡಿತ ಬಿಡಿಸುವ ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದರೆ ಕಷಾಯ, ಟಾನಿಕ್‌ಗಳ ಮೇಲೂ ಕಣ್ಣಿಡು, ಮದ್ಯ ಸೋಕಿದರೆ ಅದು ಮೈಮೇಲೆ ತಿರುಗಿಬೀಳುತ್ತದೆ. ದಶಮೂಲಾರಿಷ್ಟದಂಥ ಅರಿಷ್ಟಗಳಲ್ಲಿ ಹುದುಗಿಬಂದ ಮದ್ಯ ಇರುತ್ತದೆ, ಹೋಮಿಯೋಪತಿ ಟಿಂಚರಿನಲ್ಲೂ. ಇನ್ನೊಂದು ಮಾತು: ಡೈಸಲ್ಫಿರಾಮೇ ಕೆಲವರಲ್ಲಿ ನರನೋವು ತರುತ್ತದೆ. ಶುರುಮಾಡಿದ ಮೇಲೆ ಉರಿ ಏರಿತೇ, ಡಾಕ್ಟರಿಗೆ ಹೇಳು. ನಿನ್ನಮ್ಮನಿಗೂ ನಾನು ಹೇಳಿದ್ದೇನೆ, ಗೊತ್ತಾಗದಂತೆ ಸಾರಿಗೆ ಬೆರೆಸುವ ಔಷಧಿ ಯಾರು ಕೊಟ್ಟರೂ ತರಬಾರದೆಂದು. ತಿಳಿಯದೆ ಕುಡಿದವನ ಜೀವಕ್ಕೇ ಅಪಾಯ.

• ಬಿಸಿನೀರಿಗೆ ಪಾದ ಇಳಿಸುವ ಮುಂಚೆ ಮೊಣಕೈ ಅದ್ದಿ ನೋಡು. ರಾತ್ರಿ ಅಂಗಾಲು, ಬೆರಳಸಂದಿ ಕನ್ನಡಿಯಲ್ಲಿ ಪರೀಕ್ಷಿಸು. ಮಳೆಗಾಲದಲ್ಲಿ ರಸ್ತೆಯ ನೀರಿಗೆ ಗಾಯದ ಕಾಲು ಸೋಕದಿರಲಿ. ಅಡುಗೆಮನೆಯಲ್ಲಿ ಬೆರಳು ತೆರೆದ ಚಪ್ಪಲಿ ಬೇಡ.

• ಆಷಾಢದ ಅಮಾವಾಸ್ಯೆಗೆ ಇಲ್ಲಿಯವರು ‘ಗಟಾರಿ’ ಎಂದು ನಿನ್ನನ್ನು ಕರೆಯುತ್ತಾರೆ, ಶ್ರಾವಣದ ಮುಂಚೆ ಕುಡಿದು ಮುಗಿಸಲಿಕ್ಕೆ. ನಮ್ಮೂರಿನಲ್ಲಿ ಅದೇ ಆಟಿ ಅಮಾವಾಸ್ಯೆ, ಬೆಳಿಗ್ಗೆ ಹಾಲೆ ಮರದ ಕಹಿ ಕಷಾಯ. ಅವತ್ತು ಸಂಜೆ ನಮ್ಮನೆಗೆ ಊಟಕ್ಕೆ ಬಾ. ಅಕಸ್ಮಾತ್ ಜಾರಿ ಕುಡಿದೆಯಾದರೆ ಆ ರಾತ್ರಿ ಪ್ರೆಗಾಬಾಲಿನ್, ಗಾಬಾಪೆಂಟಿನ್ ನುಂಗಬೇಡ, ಮದ್ಯವೂ ಮಾತ್ರೆಯೂ ಸೇರಿದರೆ ಉಸಿರೇ ಕುಂದೀತು. ಮುಚ್ಚಿಡದೆ ನನಗೋ ಡಾಕ್ಟರಿಗೋ ಫೋನ್ ಮಾಡು. ನಾಲ್ಕು ದಿನ ಸತತ ಕುಡಿದ ಮೇಲೆ ಮನೆಯಲ್ಲೇ ಹಟ ಹಿಡಿದು ನಿಲ್ಲಿಸಬೇಡ. ಫಿಟ್ಸ್, ಭ್ರಮೆ ಬರುವುದು ಆಗಲೇ.

• ಇದು ನಿನ್ನಮ್ಮನಿಗೆ: ಹುಡುಗ ತೂರಾಡುತ್ತಾನೆ, ಒಂದು ಎರಡಾಗಿ ಕಾಣುತ್ತದೆ, ಮಾತು ತಪ್ಪುತ್ತಿದೆ ಎಂದರೆ ‘ಮತ್ತೆ ಕುಡಿದ’ ಎಂದು ಬಾಗಿಲು ಹಾಕಬೇಡ. ಬಿ1 ತೀರ ಬತ್ತಿ ಮೆದುಳಿಗೆ ಏಟು ಬಿದ್ದಾಗಲೂ ಹೀಗೇ ಕಾಣುತ್ತದೆ. ಆಗಲೇ ಆಸ್ಪತ್ರೆಗೆ ಒಯ್ದು ಬಿ1 ಇಂಜೆಕ್ಷನ್ ವಿಷಯ ಕೇಳಬೇಕು. ಗ್ಲೂಕೋಸ್ ಏರಿಸುವುದಿದ್ದರೆ ಬಿ1 ಕೂಡ ಹೋಗಲಿ ಎಂದು ನೆನಪಿಸು.

• ಅಪರಾತ್ರಿ ಉರಿಗಿಂತ ಕುಡಿಯುವ ಆಸೆಯೇ ಹೆಚ್ಚಾದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡು. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಬೇಡ. ವ್ಯಸನದ್ದೇ ಸಹಾಯವಾಣಿ 14446. ಭಾನುವಾರ ಬರುವಾಗ ಹಳೆಯ ಚೀಟಿ, ಖಾಲಿ ಸ್ಟ್ರಿಪ್ ಎಲ್ಲ ತಾ, ಕಲ್ವಾಕ್ಕೆ ಒಯ್ಯಲು ಒಂದು ಪಟ್ಟಿ ಮಾಡಿಬಿಡೋಣ.