ಹಳೆಯ ಪೇಟಿಯನ್ನು ಕೊಳ್ಳುವ ಮುನ್ನ



ಕಳೆದ ತಿಂಗಳು ಒಂದು ರವಿವಾರ ನಮ್ಮ ವಾಚನಾಲಯದ ಸದಸ್ಯರೊಬ್ಬರು ಹಾರ್ಮೋನಿಯಂ ಪೇಟಿಯೊಂದನ್ನು ಹೊತ್ತು ತಂದರು. ತುರ್ಭೆಯ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಕೆಲಸ ಅವರದು, ಊರು ವಿಜಾಪುರದ ಕಡೆಯದು. ಮಗಳಿಗೆ ಭಜನೆಯ ಪದ ಕಲಿಸಬೇಕೆಂಬ ಆಸೆಯಿಂದ ಎರಡು ತಿಂಗಳ ಉಳಿತಾಯವನ್ನು ಅದಕ್ಕೆ ಸುರಿದಿದ್ದರು. ‘ಅಸಲಿ ಜರ್ಮನ್ ಸೂರು’ ಎಂದು ಮಾರಿದವನು ಹೇಳಿದ್ದನಂತೆ. ಆದರೆ ಮೂರು ಮನೆಗಳು ಮೂಕವಾಗಿದ್ದವು. ತಿದಿಯಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. “ನಾ ಮೋಸ ಹೋದ್ನೇನ್ರೀ?” ಎಂದು ಅವರು ಕೇಳಿದಾಗ ನಮಗೆ ಉತ್ತರ ತೋಚಲಿಲ್ಲ.

ಅದೇ ವಾರ, ಹೋಟೆಲಿನ ಕೆಲಸದಿಂದ ನಿವೃತ್ತರಾದ ಕುಂದಾಪುರದ ಹಿರಿಯರೊಬ್ಬರು ಮಂಚದ ಕೆಳಗಿದ್ದ ತಮ್ಮ ಅಣ್ಣನ ಪೇಟಿಯ ವಿಷಯ ಎತ್ತಿದ್ದರು. “ಪಾಲೀತಾಣಾ ಸೂರು ತಾನೆ? ಭಂಗಾರದವನಿಗೆ ಕೊಟ್ಟುಬಿಡಿ” ಎಂದು ಸಲಹೆ ಕೊಟ್ಟವರು ನಾವೇ. ಮರಾಠಿಯ ಭಂಗಾರಕ್ಕೂ ನಮ್ಮ ಬಂಗಾರಕ್ಕೂ ಎಷ್ಟು ಅಂತರವೆಂಬುದನ್ನು ಆಮೇಲೆ ಕಲಿತೆವು. ಆ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸ್ವಲ್ಪ ಇತಿಹಾಸ. ಗಾಳಿಯ ಒತ್ತಡಕ್ಕೆ ಹಿತ್ತಾಳೆಯ ತೆಳುವಾದ ನಾಲಗೆ ಮಿಡಿದು ನಾದ ಹೊರಡುವದು, ಇದೇ ಹಾರ್ಮೋನಿಯಂನ ತತ್ತ್ವ. ಈ ನಾಲಗೆಗೆ ರೀಡು ಎಂದೂ, ನಮ್ಮ ಕಡೆ ಸೂರು ಎಂದೂ ಹೆಸರು. ಪ್ಯಾರಿಸ್ಸಿನ ದೆಬೆಂ ಎಂಬವರು 1842ರಲ್ಲಿ ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದರು. ಅದು ಕಾಲಿನಿಂದ ತುಳಿದು ನುಡಿಸುವ ವಾದ್ಯ. ನೆಲದ ಮೇಲೆ ಕುಳಿತು ಹಾಡುವ ನಮ್ಮ ಪದ್ಧತಿಗೆ ಒಗ್ಗುವಂಥ ಕೈಪೇಟಿಯನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ರೂಪಿಸಿದವರು ಕಲಕತ್ತೆಯ ದ್ವಾರಕಾನಾಥ ಘೋಷರು. ಪೇಟಿ ಇಲ್ಲಿಯದಾದರೂ ಒಳ್ಳೆಯ ರೀಡುಗಳು ಬಹುಕಾಲ ಜರ್ಮನಿ, ಫ್ರಾನ್ಸುಗಳಿಂದ ಬರುತ್ತಿದ್ದವು.

1939ರಲ್ಲಿ ಮಹಾಯುದ್ಧ ಆರಂಭವಾಗಿ ಜರ್ಮನಿಯ ಸರಕು ನಿಂತಿತು. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ಕಟ್ಟುಪಾಡುಗಳು ಬಂದವು. ಆಗ ಸೌರಾಷ್ಟ್ರದ ಪಾಲೀತಾಣಾದಂಥ ಊರಿನ ಕುಶಲಕರ್ಮಿಗಳ ರೀಡುಗಳೇ ಆಧಾರವಾದವು. ಜೈನರ ಶತ್ರುಂಜಯ ಬೆಟ್ಟದ ಬುಡದಲ್ಲಿರುವ ಊರು ಅದು.

ಇದೇ ಕಾಲದಲ್ಲಿ ಪೇಟಿಗೆ ಇನ್ನೊಂದು ಪೆಟ್ಟು ಬಿದ್ದಿತು. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಂಗೆ ಬಹಿಷ್ಕಾರ ಹಾಕಿತು. ಅದು ಭಾಗಶಃ ಸಡಿಲಾದದ್ದು 1971ರಲ್ಲಿ. ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಪೇಟಿಯಲ್ಲಿ ಸಪ್ತಕಕ್ಕೆ ಹನ್ನೆರಡೇ ಮನೆಗಳು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಅದರಲ್ಲಿ ಬಾರದು. ಆದರೂ ಆ ಮೂವತ್ತೊಂದು ವರ್ಷ ಪೇಟಿ ಸುಮ್ಮನಿರಲಿಲ್ಲ. ಕಂಪನಿ ನಾಟಕಗಳಲ್ಲಿ, ಭಜನಾ ಮೇಳಗಳಲ್ಲಿ, ಸಂಗೀತದ ಶಾಲೆಗಳಲ್ಲಿ ನುಡಿಯುತ್ತಲೇ ಇತ್ತು. ಯಕ್ಷಗಾನದಲ್ಲಿ ಹಳೆಯ ಪುಂಗಿಯ ಜಾಗದಲ್ಲಿ ಶ್ರುತಿ ಹಿಡಿಯಿತು. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದ ಪಂಡಿತ ರಾಮ ಕಲ್ಲೋ ಬಿಜಾಪುರೆಯವರು ಬೆಳಗಾವಿಯಲ್ಲಿ ನೆಲೆಸಿ, ಪೇಟಿಯಿಂದ ಎಂಥ ಸಂಗೀತ ಹೊರಡಬಹುದೆಂಬುದನ್ನು ತೋರಿಸಿದರು. ಅವರು 2010ರಲ್ಲಿ ತೀರಿಕೊಂಡರು. ರೇಡಿಯೋ ಬೇಡವೆಂದ ಕಾಲ, ಪರದೇಶದ ಮುದ್ರೆಯಿಲ್ಲದ ರೀಡು, ಹೀಗೆ ಆ ಕಾಲದ ಪೇಟಿಗಳು ಎರಡು ಕಡೆಯಿಂದಲೂ ಅಲಕ್ಷ್ಯಕ್ಕೆ ಗುರಿಯಾದವು.

ಇನ್ನು ನಮ್ಮ ಎರಡು ಪೇಟಿಗಳ ಸಂಗತಿ. ಭಂಗಾರದವನು ಬರುವ ಮೊದಲೇ ಕುಂದಾಪುರದ ಹಿರಿಯರ ಪೇಟಿಯನ್ನು ತರಿಸಿಕೊಂಡೆವು. ಪರಿಚಯದ ದುರಸ್ತಿಗಾರರು ಎರಡನ್ನೂ ಬಿಚ್ಚಿ ನೋಡಿದರು. ‘ಜರ್ಮನ್’ ಪೇಟಿಯಲ್ಲಿ ಮುದ್ರೆಯಿದ್ದ ರೀಡುಗಳು ಏಳೇ ಏಳು. ಮಿಕ್ಕವು ಬೇರೆ ಬೇರೆ ಪೇಟಿಗಳಿಂದ ಕಿತ್ತು ಕೂಡಿಸಿದವು. ‘ಪಾಲೀತಾಣಾ’ ಪೇಟಿಯ ರೀಡುಗಳೆಲ್ಲ ಒಂದೇ ಕೈಯ ಕೆಲಸ. ಧೂಳು ತೆಗೆದು, ತಿದಿಯ ಒಂದು ಮೂಲೆಗೆ ಚರ್ಮ ಅಂಟಿಸಿದರೆ ಸಾಕಾಯಿತು. ಮತ್ತೊಂದರ ತಿದಿಯನ್ನೂ ಸರಿಪಡಿಸಿದ ಮೇಲೆ ಪುಸ್ತಕದ ಕಪಾಟಿನ ಹಿಂದೆ ಎರಡನ್ನೂ ಇಟ್ಟು ನುಡಿಸಿದೆವು. ಈಚೆ ಕುಳಿತ ಐವರಲ್ಲಿ ನಾಲ್ವರು, ಪಾಲೀತಾಣಾ ಪೇಟಿಯ ನಾದ ಕೇಳಿ ‘ಇದೇ ಜರ್ಮನ್’ ಎಂದರು! ಆ ನಾಲ್ವರಲ್ಲಿ ನಾವೂ ಸೇರಿದ್ದೆವು.

ಇದರಿಂದ ಜರ್ಮನ್ ರೀಡು ಕೆಟ್ಟದ್ದೆಂದು ಅರ್ಥವಲ್ಲ. ಮುದ್ರೆಯನ್ನು ಕಣ್ಣು ಓದುತ್ತದೆ, ನಾದವನ್ನು ಕಿವಿಯೇ ಕೇಳಬೇಕು, ಇಷ್ಟೇ. ಹಳೆಯ ಪೇಟಿ ಕೊಳ್ಳುವವರು ಕೆಳಗಿನ ಪರೀಕ್ಷೆಗಳನ್ನು ತಪ್ಪದೆ ಮಾಡತಕ್ಕದ್ದು.

ಒಂದು: ಸ್ಟಾಪುಗಳನ್ನೆಲ್ಲ ಮುಚ್ಚಿ ತಿದಿ ಒತ್ತಿ ಗಾಳಿ ತುಂಬಿರಿ. ಮನೆ ಮುಟ್ಟಬೇಡಿರಿ. ನಿಧಾನವಾಗಿ ಹತ್ತು ಎಣಿಸುವವರೆಗೆ ಗಾಳಿ ನಿಂತರೆ ಸಂತೋಷ. ಕೂಡಲೆ ಕುಸಿದರೆ ಎಲ್ಲಿಯೋ ಸೋರುತ್ತಿದೆಯೆಂದು ತಿಳಿಯಿರಿ.

ಎರಡು: ಸ್ಟಾಪು ತೆರೆದು ಗಾಳಿ ಕೊಡಿರಿ. ಮುಟ್ಟದ ಮನೆ ತಾನಾಗಿ ಕೂಗಿದರೆ ಅದರ ಸ್ಪ್ರಿಂಗು ಸೋತಿದೆ, ಇಲ್ಲವೆ ಕೆಳಗಿನ ಚರ್ಮ ಸವೆದಿದೆ. ಇದು ಸಣ್ಣ ದುರಸ್ತಿ, ಹೆದರಬೇಕಾಗಿಲ್ಲ.

ಮೂರು: ಪ್ರತಿ ಮನೆಯನ್ನೂ ಮೆಲ್ಲಗಿನ ಗಾಳಿಯಲ್ಲಿ ನುಡಿಸಿರಿ. ಒಳ್ಳೆಯ ರೀಡು ಅಲ್ಪ ಗಾಳಿಗೇ ಓಗೊಡುತ್ತದೆ. ತಡವರಿಸಿದರೆ ಧೂಳೋ ಬಿರುಕೋ ಇದ್ದೀತು.

ನಾಲ್ಕು: ಮಧ್ಯ ಷಡ್ಜ, ತಾರ ಷಡ್ಜಗಳನ್ನು ಒಟ್ಟಿಗೆ ಒತ್ತಿರಿ. ಮಧ್ಯ ಷಡ್ಜ ಸೆಕೆಂಡಿಗೆ 240 ಸಲ ಮಿಡಿದರೆ ತಾರ ಷಡ್ಜ 480 ಸಲ ಮಿಡಿಯಬೇಕು. 483 ಆಗಿದ್ದರೆ ಸೆಕೆಂಡಿಗೆ ಮೂರರಂತೆ ‘ವಾಂ ವಾಂ’ ಎಂಬ ಅಲೆ ಕೇಳಿಸುತ್ತದೆ. ಅಲೆಯಿಲ್ಲದೆ ನಾದ ನೇರವಾಗಿ ನಿಂತರೆ ಶ್ರುತಿ ಸರಿಯಿದೆ.

ಐದು: ಮೇಲಿನ ಹಲಗೆ ಬಿಚ್ಚಿಸಿ ರೀಡುಗಳನ್ನು ನೋಡಿರಿ. ನಾಲಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಶ್ರುತಿ ಮಾಡುವದು ಹೀಗೆ. ಆದರೆ ಕೆರೆದ ಲೋಹ ಮರಳಿ ಬಾರದು. ಮೈತುಂಬ ಗೀರುಗಳಿದ್ದರೆ ಅದರ ಆಯುಷ್ಯ ಬಹಳಷ್ಟು ಸವೆದಿದೆ.

ಹಳೆಯ ಪೇಟಿಯ ಶ್ರುತಿ ಇಂದಿನ ಕೀಬೋರ್ಡಿಗೆ ಹೊಂದದಿದ್ದರೆ ಅದು ದೋಷವೆಂದು ಎಲ್ಲ ರೀಡುಗಳನ್ನು ಕೆರೆಸಲು ಹೋಗಬೇಡಿರಿ. ತನ್ನೊಳಗೆ ತಾನು ಹೊಂದಿಕೊಂಡಿದ್ದರೆ ಭಜನೆಗೆ ಅಷ್ಟು ಸಾಕು.

ಕೊಂಡ ಮೇಲೆ ಜತನವೂ ಬೇಕು. ನಮ್ಮ ನೆರೂಳು ಖಾಡಿಯ ದಂಡೆಯ ಊರು. ಮಳೆಗಾಲದ ತೇವಕ್ಕೆ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ, ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಪೇಟಿಯನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಇಡಿರಿ. ರೀಡಿಗೆ ಎಣ್ಣೆ ಹಚ್ಚಬಾರದು, ಧೂಳು ಅಂಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೆರಡು ಸಲವಾದರೂ ನುಡಿಸಿರಿ. ಮಂಚದ ಕೆಳಗೆ ಕೂತ ಪೇಟಿಯನ್ನು ಇಲಿಯೂ ನುಸಿಯೂ ಬಿಡುವದಿಲ್ಲ.

ತುರ್ಭೆಯ ಸದಸ್ಯರಿಗೆ ಮಾರಿದವನು ಹಣ ಮರಳಿಸಲಿಲ್ಲ. ಕೊಳ್ಳುವ ಮೊದಲು ಅವರು ನಮ್ಮನ್ನು ಕೇಳಿದ್ದರೂ, ಮುದ್ರೆ ನೋಡಿ ನಾವೂ ‘ಕೊಳ್ಳಿರಿ’ ಎಂದೇ ಹೇಳುತ್ತಿದ್ದೆವು. ಅವರ ಪೇಟಿಯ ಮೂರು ಮನೆಗಳಿಗೆ ಹೊಸ ರೀಡು ಹಾಕಿಸಲು ಸದಸ್ಯರು ಕೂಡಿ ವರ್ಗಣಿ ಎತ್ತಿದ್ದಾರೆ. ಅಲ್ಲಿಯವರೆಗೆ ಅವರ ಮಗಳು ಕುಂದಾಪುರದ ಹಿರಿಯರ ಪೇಟಿಯ ಮೇಲೆ ಸರಳೆ ಕಲಿಯುತ್ತಿದ್ದಾಳೆ. “ಅಣ್ಣ ಹೋದ ಮೇಲೆ ಇದರ ದನಿ ಕೇಳಿರಲಿಲ್ಲ” ಎಂದು ಹಿರಿಯರು ಪ್ರತಿ ರವಿವಾರ ಬಂದು ಪಕ್ಕದಲ್ಲಿ ಕೂಡುತ್ತಾರೆ.

ಹಳೆಯ ಪೇಟಿ ಕೊಳ್ಳುವವರೂ ಮಾರುವವರೂ ಮೊದಲು ಅದನ್ನು ರವಿವಾರ ಸಂಜೆ ವಾಚನಾಲಯಕ್ಕೆ ತರಬೇಕಾಗಿ ವಿನಂತಿ. ಕಪಾಟಿನ ಹಿಂದೆ ಇಟ್ಟು ಕೇಳೋಣ.