ಹಿತ್ತಿಲಿನ ಮಲ್ಲಿಗೆ ಗಿಡಗಳನ್ನು ಸವರುವ ಕ್ರಮ

ಬಚ್ಚಲ ನೀರು ಹರಿಯುವ ಕಡೆಯಲ್ಲಿ ದುಂಡು ಮಲ್ಲಿಗೆಯ ಗಿಡವೊಂದನ್ನು ನೆಡುವುದು ಹಳ್ಳಿಗಳಲ್ಲಿ ವಾಡಿಕೆ. ಮೊದಲ ಕೆಲವು ವರ್ಷ ಅದು ಚೆನ್ನಾಗಿ ಹೂ ಬಿಡುತ್ತದೆ. ಆ ಮೇಲೆ ಪೊದೆಯು ದೊಡ್ಡದಾದರೂ ಹೂ ಮಾತ್ರ ಕಡಮೆಯಾಗುತ್ತ ಬರುತ್ತದೆ. ನೆಲವು ಸಾರಗುಂದಿತೆಂದೂ, ದೃಷ್ಟಿ ತಾಕಿತೆಂದೂ ಮನೆಯವರು ಹೇಳುವುದುಂಟು. ಬಹುಮಟ್ಟಿಗೆ ಇದಕ್ಕೆ ಕಾರಣವು ಗಿಡವನ್ನು ಸವರದೆ ಬಿಟ್ಟಿರುವುದೇ. ದೇವರಿಗೆ ಹೂ ಕೊಡುವ ಗಿಡಕ್ಕೆ ಕತ್ತಿ ತಾಕಿಸಬಾರದೆಂಬ ಭಾವನೆಯು ಗೌರವಕ್ಕೆ ಅರ್ಹವಾದರೂ, ಗಿಡಕ್ಕೆ ಅದರಿಂದ ಉಪಕಾರವಿಲ್ಲ.

ಮಲ್ಲಿಗೆಯ ಮೊಗ್ಗು ಬಲಿತ ಹಳೆಯ ಕಡ್ಡಿಯಲ್ಲಿ ಹುಟ್ಟುವುದಿಲ್ಲ. ಹೊಸದಾಗಿ ಒಡೆದ ಎಳೆಯ ಚಿಗುರುಗಳಲ್ಲಿ ಹುಟ್ಟುತ್ತದೆ. ಸವರದ ಪೊದೆಯ ಒಳಗೆ ಬಿಸಿಲು ಗಾಳಿಗಳು ಸೇರದೆ ಒಣಕಡ್ಡಿಗಳು ಹೆಚ್ಚುತ್ತವೆ. ಚಿಗುರು ಹೊರ ಅಂಚಿನಲ್ಲಿ ಮಾತ್ರ, ಅದೂ ಬಡಕಲಾಗಿ ಬರುತ್ತದೆ.

ಸವರುವ ಕಾಲವೇ ಇಲ್ಲಿ ಮುಖ್ಯ. ದುಂಡು ಮಲ್ಲಿಗೆಗೆ ನವೆಂಬರ್ ತಿಂಗಳ ಕೊನೆಯ ವಾರ ಯೋಗ್ಯವಾದುದು. ಜಾಜಿಯನ್ನು ಜನವರಿಯಲ್ಲಿ ಸವರಬಹುದು. ಯುಗಾದಿಯ ಹೊತ್ತಿಗೆ ಅಂಗಳ ಹಿತ್ತಿಲುಗಳನ್ನು ಚೊಕ್ಕಟ ಮಾಡುವಾಗ ಆಳುಗಳ ಕೈಗೆ ಮಚ್ಚು ಕೊಟ್ಟು ಪೊದೆಯನ್ನು ಕಡಿಸುವವರು ಮೊಗ್ಗು ಹೊತ್ತ ಚಿಗುರುಗಳನ್ನೇ ಕಡಿಸಿದಂತಾಗುತ್ತದೆ. ಹಾಗೆ ಮಾಡುವುದಕ್ಕಿಂತ ಆ ವರ್ಷ ಗಿಡವನ್ನು ಮುಟ್ಟದಿರುವುದೇ ಲೇಸು.

ಸವರುವುದಕ್ಕೆ ಕೆಲವು ದಿನ ಮುಂಚಿತವಾಗಿಯೇ ನೀರನ್ನು ನಿಲ್ಲಿಸತಕ್ಕದ್ದು. ಬಚ್ಚಲ ಕಾಲುವೆಯನ್ನು ಬೇರೆ ಕಡೆಗೆ ತಿರುಗಿಸದಿದ್ದರೆ ಇದು ಸಾಧ್ಯವಿಲ್ಲ. ಈ ಸಣ್ಣ ಕೆಲಸವನ್ನೇ ಅನೇಕರು ಮರೆಯುತ್ತಾರೆ. ಬಳಿಕ ಪೊದೆಯನ್ನು ಹಗ್ಗದಿಂದ ಒಟ್ಟಾಗಿ ಬಿಗಿದು, ನೆಲದಿಂದ ಸುಮಾರು 1½ ಅಡಿ ಎತ್ತರದಲ್ಲಿ ಕತ್ತರಿಸಬೇಕು. ಹಗ್ಗ ಬಿಚ್ಚಿ, ಒಣಗಿದ, ರೋಗ ಹಿಡಿದ ಮತ್ತು ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ಬುಡದಿಂದಲೇ ತೆಗೆಯಬೇಕು. ಮಚ್ಚಿನ ಏಟಿನಿಂದ ಕಡ್ಡಿ ಸೀಳಿ ನೀರು ಇಳಿದು ಕೊಳೆಯುವುದರಿಂದ, ಹರಿತವಾದ ಕತ್ತರಿಯಿಂದಲೇ ಗಿಣ್ಣಿನ ಮೇಲೆ ಕಾಲು ಅಂಗುಲ ಬಿಟ್ಟು ಓರೆಯಾಗಿ ಕತ್ತರಿಸುವುದು ಉತ್ತಮ. ರೋಗದ ಕಡ್ಡಿಗಳನ್ನು ಸುಟ್ಟುಬಿಡಬೇಕು.

ದಪ್ಪ ಕೊಂಬೆಗಳ ಗಾಯಕ್ಕೆ ಬೋರ್ಡೋ ಸರಿಯನ್ನು ಬಳಿಯತಕ್ಕದ್ದು. 1 ಭಾಗ ಮೈಲುತುತ್ತ, 1 ಭಾಗ ಸುಟ್ಟ ಸುಣ್ಣ, 10 ಭಾಗ ನೀರು ಇದರ ಪ್ರಮಾಣ. ನೀರನ್ನು ಎರಡು ಪಾಲು ಮಾಡಿ, ಒಂದರಲ್ಲಿ ತುತ್ತವನ್ನೂ ಇನ್ನೊಂದರಲ್ಲಿ ಸುಣ್ಣವನ್ನೂ ಬೇರೆ ಬೇರೆಯಾಗಿ ಕರಗಿಸಿ, ಆಮೇಲೆ ಕಲಕುತ್ತ ಕೂಡಿಸಬೇಕು. ಮಣ್ಣಿನ ಅಥವಾ ಮರದ ಪಾತ್ರೆಯೇ ಬೇಕು. ಕಬ್ಬಿಣವನ್ನು ತುತ್ತವು ತಿಂದುಹಾಕುತ್ತದೆ. ಇದು ವಿಷವಸ್ತುವಾದುದರಿಂದ ಮಕ್ಕಳಿಗೂ ದನಗಳಿಗೂ ಎಟುಕದಂತೆ ಇಡಬೇಕು.

ಪಾತಿಯನ್ನು ಹಗುರವಾಗಿ ಅಗೆದು ಕೆಲವು ದಿನ ಬಿಸಿಲಿಗೆ ಬಿಟ್ಟು, ಗಿಡವೊಂದಕ್ಕೆ ಒಂದು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಮೊದಲಿನಂತೆ ನೀರು ಬಿಡಬೇಕು. ಹಸಿಯ ಸಗಣಿಯನ್ನು ಬುಡಕ್ಕೆ ಸುರಿಯಬಾರದು.

ಗುಲಾಬಿಗೂ ಹೊಸ ಚಿಗುರಿನಲ್ಲೇ ಹೂ. ಆದರೆ ಬೆಂಗಳೂರಿನ ಸೀಮೆಯಲ್ಲಿ ಅದನ್ನು ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ತಿಂಗಳಲ್ಲಿ, ಹೊರಮುಖವಾದ ಕಣ್ಣಿನ ಮೇಲ್ಗಡೆ ಕತ್ತರಿಸುವರು. ನೆಟ್ಟ ಮೊದಲ ವರ್ಷದ ಮಲ್ಲಿಗೆಯನ್ನು ಮಾತ್ರ ಹೀಗೆ ತಗ್ಗಿಸಿ ಸವರಬಾರದು. ಒಣಗಿದ ಕಡ್ಡಿಯಿದ್ದರೆ ಅಷ್ಟನ್ನೇ ತೆಗೆದರೆ ಸಾಕು.