ಗುಳಿಗೆ ಮತ್ತು ಕೈಕಾಲು

ಅಕ್ಕಂದಿರೇ, ಇಂಥ ಮಾತನ್ನು ನೀವೂ ಕೇಳಿರಬಹುದು.

“ಮೊದಲ ಒಂದ ತಾಸಿನಾಗ ಬುಟ್ಟಿ ತುಂಬ ರೊಟ್ಟಿ ಬಡೀತಿದ್ಳು. ಗುಳಿಗಿ ನುಂಗಾಕ ಹತ್ತಿದ ಮ್ಯಾಲ ಕೈನ ಓಡವಲ್ದು. ಸೊಸಿ ಮೈಗಳ್ಳಿ ಆಗ್ಯಾಳ.”

ಇದು ಮೈಗಳ್ಳತನವೇ? ಬನ್ನಿ, ತಿಳಿಯೋಣ.

ಸ್ಕಿಜೋಫ್ರೇನಿಯಾ ಒಂದು ಕಾಯಿಲೆ. ಯಾರೂ ಮಾತಾಡದಿದ್ದರೂ ಕಿವಿಯಲ್ಲಿ ಮಾತು ಕೇಳಿಸುತ್ತದೆ. ಇಲ್ಲದ ಸಂಶಯ ಬರುತ್ತದೆ. ಇದು ಮಾಟವಲ್ಲ. ದೆವ್ವದ ಕಾಟವೂ ಅಲ್ಲ. ಇದಕ್ಕೆ ಔಷಧಿ ಇದೆ. 1952ರಲ್ಲಿ ಫ್ರಾನ್ಸ್ ದೇಶದ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯಿಂದ ಗುಣ ಕಂಡರು. ಆಮೇಲೆ ಇಂಥ ಹಲವು ಗುಳಿಗೆಗಳು ಬಂದವು.

ಗುಳಿಗೆ ಹೇಗೆ ಕೆಲಸ ಮಾಡುತ್ತದೆ?

ನಮ್ಮ ಮಿದುಳಿನಲ್ಲಿ ಡೋಪಮಿನ್ ಎಂಬ ರಸವಿದೆ. ಗುಳಿಗೆ ಅದರ ಕೆಲಸವನ್ನು ತಡೆಯುತ್ತದೆ. ಆಗ ಕಿವಿಯ ಮಾತು, ಸಂಶಯ ಕಡಿಮೆಯಾಗುತ್ತವೆ. ಆದರೆ ಕೈಕಾಲು ಸರಾಗವಾಗಿ ಆಡಲಿಕ್ಕೂ ಅದೇ ರಸ ಬೇಕು. ಒಂದೇ ಕಾಲುವೆಯಿಂದ ಎರಡು ಹೊಲಕ್ಕೆ ನೀರು ಹೋಗುತ್ತದೆ ಅನ್ನಿ. ಒಂದು ಹೊಲಕ್ಕೆ ನೀರು ಹೆಚ್ಚಾಯಿತೆಂದು ಕಾಲುವೆಗೆ ಒಡ್ಡು ಹಾಕಿದರೆ ಇನ್ನೊಂದು ಹೊಲಕ್ಕೂ ನೀರು ಕಡಿಮೆಯಾಗುತ್ತದೆ. ಇದೂ ಹಾಗೆಯೇ.

ಏನೇನು ಆಗಬಹುದು?

ಕೈ ನಡುಗಬಹುದು. ಮೈ ಬಿಗಿಯಬಹುದು. ನಡಿಗೆ ನಿಧಾನವಾಗಬಹುದು. ಕೆಲವರಿಗೆ ಕುಳಿತಲ್ಲಿ ಕೂರಲು ಆಗುವುದಿಲ್ಲ. ಬಹಳ ಕಾಲ ಗುಳಿಗೆ ತೆಗೆದುಕೊಂಡ ಕೆಲವರಿಗೆ ಬಾಯಿ, ನಾಲಿಗೆ ತಾವಾಗಿಯೇ ಅಲುಗುತ್ತವೆ. ಎಲ್ಲರಿಗೂ ಹೀಗೆ ಆಗುವುದಿಲ್ಲ. ಹೊಸ ಗುಳಿಗೆಗಳಲ್ಲಿ ಹಲವು ಈ ತೊಂದರೆಯನ್ನು ಕಡಿಮೆ ಕೊಡುತ್ತವೆ.

ನಾವೇನು ಮಾಡಬೇಕು?

ಬೈಯಬಾರದು. ಗುಳಿಗೆಯನ್ನು ನಾವೇ ನಿಲ್ಲಿಸಬಾರದು. ನಿಲ್ಲಿಸಿದರೆ ಕಾಯಿಲೆ ಮರಳಿ ಬರಬಹುದು. ಡಾಕ್ಟರಿಗೆ ಹೀಗೆ ಹೇಳಿರಿ: “ಸಾಹೇಬ್ರ, ಈಕಿ ಕೈ ನಡಗ್ತಾವ. ಕೆಲಸಾ ಮಾಡಾಕ ಬರವಲ್ದು.” ಅವರು ಗುಳಿಗೆಯ ಪ್ರಮಾಣ ಕಡಿಮೆ ಮಾಡಬಹುದು. ಬೇರೆ ಗುಳಿಗೆ ಕೊಡಬಹುದು. ನಡುಕಕ್ಕೆ ಇನ್ನೊಂದು ಗುಳಿಗೆ ಸೇರಿಸಬಹುದು.

ಕುತ್ತಿಗೆ ಒಮ್ಮೆಲೇ ತಿರುಚಿಕೊಂಡರೆ ತಡಮಾಡಬೇಡಿ. ಮೈ ಬಿಗಿದು ಜೋರು ಜ್ವರ ಬಂದರೂ ತಡಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಎಲ್ಲಿ ಕೇಳಬೇಕು?

ಹೂವಿನ ಹಿಪ್ಪರಗಿಯವರು ಬಸವನ ಬಾಗೇವಾಡಿಯ ಸರಕಾರಿ ಆಸ್ಪತ್ರೆಯಲ್ಲಿ ಕೇಳಿರಿ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ದೊಡ್ಡ ಆಸ್ಪತ್ರೆ ಇದೆ. ಫೋನಿನಲ್ಲಿಯೂ ಕೇಳಬಹುದು. 2022ರಲ್ಲಿ ಸರಕಾರ ಟೆಲಿ ಮಾನಸ್ ಆರಂಭಿಸಿತು. ಅದರ ನಂಬರು 14416. ಹಗಲು ರಾತ್ರಿ ಯಾವಾಗಲೂ ಮಾತಾಡಬಹುದು. ದುಡ್ಡು ಕೊಡಬೇಕಾಗಿಲ್ಲ.

ಓದಿರಿ, ಬರೆಯಿರಿ: ಗುಳಿಗೆ, ನಡುಕ, ಮಿದುಳು, ಆಸ್ಪತ್ರೆ, 14416.

ಕೂಡಿ ಮಾತಾಡಿರಿ:
1. ಸೊಸೆಯ ಕೈ ಏಕೆ ಓಡುತ್ತಿರಲಿಲ್ಲ?
2. ಗುಳಿಗೆಯನ್ನು ನಾವೇ ನಿಲ್ಲಿಸಿದರೆ ಏನಾಗಬಹುದು?
3. ನಿಮ್ಮ ಓಣಿಯಲ್ಲಿ ಯಾರಿಗಾದರೂ ಹೀಗಾದರೆ ನೀವು ಏನು ಹೇಳುತ್ತೀರಿ?